ಮೋನೋ ಮಾಡಿದ ತಕ್ಷಣ ಪಿಟೀಲೆಲ್ಲ ಮಾಯ! (1981ರ ಹಾಡನ್ನು 1965ಕ್ಕೆ ಒಯ್ಯೋ ಸಾಹಸ)

ಅಟ್ಟದ_ಸ್ಟುಡಿಯೋ
ಮೂರು ವಾರದಿಂದ ತಲೆ ಚಿಟ್ಟು ಹಿಡಿದಿದೆ. ಯಾರಾದ್ರೂ ಪುಣ್ಯ ಕಟ್ಕೊಳ್ಳಿ.

‘ಗೀತಾ’ ಚಿತ್ರದ ‘ಜೊತೆಯಲಿ’ ಹಾಡು 1981ರ ಬದಲು 1965ರಲ್ಲೇ ರೆಕಾರ್ಡ್ ಆಗಿದ್ದಿದ್ರೆ ಹೇಗಿರ್ತಿತ್ತು ಅನ್ನೋ ಹುಚ್ಚು ನನಗೆ. ಇಳಯರಾಜ ಅವರು ಜಿ.ಕೆ. ವೆಂಕಟೇಶ್ ಅವರ ಹತ್ರ ಸಹಾಯಕರಾಗಿದ್ದೋರು ತಾನೆ? ಅದೇ ಟ್ಯೂನು ಹದಿನಾರು ವರ್ಷ ಮೊದಲೇ ಗುರುಗಳ ಕೈಗೆ ಸಿಕ್ಕಿದ್ದಿದ್ರೆ? ತಬಲಾ, ಬಾಂಗೋ, ಮ್ಯಾಂಡೋಲಿನ್, ಅಕಾರ್ಡಿಯನ್, ಮೇಲೆ ಪಿಟೀಲಿನ ದಂಡು. ಎಲ್ಲ ಮನೆಯಲ್ಲೇ ರೆಕಾರ್ಡ್ ಮಾಡಿದ್ದಾಯ್ತು. ಹೆಡ್‌ಫೋನಲ್ಲಿ ಕೇಳಿದ್ರೆ ಪಿಟೀಲು ಎರಡೂ ಕಿವಿಗೆ ಹಾಲು ಹರಡಿದ ಹಾಗಿದೆ.

ಆದ್ರೆ 65ರ ಸಿನಿಮಾ ಹಾಡು ಅಂದ್ರೆ ಮೋನೋ, ಎಡ ಬಲ ಅಂತಿಲ್ಲ, ಎಲ್ಲ ಸದ್ದೂ ಕೂಡಿ ಒಂದೇ. ಮಾಸ್ಟರಲ್ಲಿ ಮೋನೋ ಗುಂಡಿ ಒತ್ತಿದ್ನೋ ಇಲ್ವೋ, ಪಿಟೀಲು ಸೊಳ್ಳೆ ಆಗಿಬಿಡ್ತು! ಕೀ ಅಂತ ಮೇಲಿನ ಸದ್ದು ಒಂಚೂರು, ಕೆಳಗೆ ಏನೂ ಇಲ್ಲ. ಬೇರೆ ಎಲ್ಲಾ ವಾದ್ಯ ಸರಿಯಾಗೇ ಇವೆ. ನಮ್ಮಪ್ಪ ಫೋನಿನ ಸ್ಪೀಕರಲ್ಲಿ ಕೇಳಿ, ‘ಪಿಟೀಲು ಪಿಟೀಲು ಅಂತಿದ್ಯಲ್ಲ, ಎಲ್ಲೋ?’ ಅಂದ್ರು. ಕಂಪ್ಯೂಟರಲ್ಲಿ ರೆಕಾರ್ಡ್ ಮಾಡೋಕೆ ರೀಪರ್ ಅನ್ನೋ ಸಾಫ್ಟ್‌ವೇರ್ ಬಳಸ್ತೀನಿ. ಏನು ಮಾಡೋದು?

ಸ್ಪೂಲ್‌ಸ್ವಾಮಿ
ಟೇಪ್ ಪ್ಲಗಿನ್, ಅಂದ್ರೆ ಹಳೇ ಟೇಪಿನ ಸದ್ದು ಕೊಡೋ ಸಾಫ್ಟ್‌ವೇರ್ ತುಣುಕು, ಹಾಕಿದ್ದೀರಾ? ಅದೇ. ಕಣ್ಣು ಮುಚ್ಕೊಂಡು ಹೇಳ್ತೀನಿ. ಟೇಪ್ ಓಡುವಾಗ ಆಗೋ ತೂಗಾಟವನ್ನ ನಕಲು ಮಾಡೋಕೆ ಈ ಪ್ಲಗಿನ್‌ಗಳು ಎಡಕ್ಕೂ ಬಲಕ್ಕೂ ಬೇರೆ ಬೇರೆ ವಿಳಂಬ ಕೊಡ್ತವೆ. ಎರಡನ್ನೂ ಕೂಡಿಸಿದ್ರೆ ಒಂದನ್ನೊಂದು ತಿಂದುಹಾಕ್ತವೆ. ತೆಗೆದು ನೋಡಿ.

ಅಟ್ಟದ_ಸ್ಟುಡಿಯೋ
ತೆಗೆದೆ ಸ್ವಾಮಿ. ಹಾಗೇ ಇದೆ.

ಸ್ಪೂಲ್‌ಸ್ವಾಮಿ
ಬರೀ ಬೈಪಾಸ್ ಮಾಡಿ ಕೆಲಸ ನಿಲ್ಲಿಸಿದ್ರಾ, ಪೂರ್ತಿ ತೆಗೆದ್ರಾ? ಬೈಪಾಸ್ ಮಾಡಿದ್ರೆ ಕೆಲವು ಹಾಗೇ ವಿಳಂಬ ಹಿಡ್ಕೊಂಡಿರ್ತವೆ.

ಅಟ್ಟದ_ಸ್ಟುಡಿಯೋ
ಪೂರ್ತಿ ತೆಗೆದೆ. ಹೊಸ ಪ್ರಾಜೆಕ್ಟ್ ತೆರೆದು ಬರೀ ಪಿಟೀಲಿನ ಫೈಲ್ ಎಳೆದು ಹಾಕಿದೆ. ಒಂದೇ ಒಂದು ಪ್ಲಗಿನ್ ಇಲ್ಲ. ಮೋನೋ ಒತ್ತಿದ್ರೆ ಅದೇ ಸೊಳ್ಳೆ.

ಹಳೇರೆಕಾರ್ಡು
ಸಮಸ್ಯೆ ನನಗೆ ಗೊತ್ತಾಗಲ್ಲ, ಕಲ್ಪನೆ ಮಾತ್ರ ಸೊಗಸಾಗಿದೆ. ಆದರೆ ಒಂದು ಪ್ರಶ್ನೆ. 1965 ಅಂತೀರಿ, ಗಂಡು ದನಿ ಯಾರದ್ದು? ಎಸ್‌ಪಿಬಿ ಸಿನಿಮಾಗೆ ಬಂದಿದ್ದೇ 1966ರಲ್ಲಿ, ತೆಲುಗಿನ ಮೂಲಕ. ಕನ್ನಡಕ್ಕೆ ಆಮೇಲೆ. ನೀವು 65ಕ್ಕೆ ಒಯ್ದರೆ ಆ ಜಾಗದಲ್ಲಿ ಪಿ.ಬಿ. ಶ್ರೀನಿವಾಸ್ ನಿಲ್ಲಬೇಕು. ಜಾನಕಿಯಮ್ಮನ ಚಿಂತೆ ಇಲ್ಲ, ಅವರು 1957ರಿಂದಲೇ ಹಾಡುತ್ತಿದ್ದರು. ಪಿಬಿಎಸ್ ಅಂದಮೇಲೆ ಶ್ರುತಿ ಇಳಿಸಬೇಕು, ಹಾಡು ಒಂದು ಹದ ನಿಧಾನ ಆಗಬೇಕು. ಮೂಲದಲ್ಲಿರೋ ಹುಡುಗುತನವೆಲ್ಲ ಬೇರೆ ತರಹದ ಮೃದುವಾಗುತ್ತೆ.

ಕುಡ್ಲ_ಕೀಬೋರ್ಡ್
ರಾಜ್‌ಕುಮಾರ್ ಹಾಡಿದ್ರೆ ಆಗ್ಲಿಕ್ಕಿಲ್ವಾ?

ಹಳೇರೆಕಾರ್ಡು
ಅಣ್ಣಾವ್ರು ತಮ್ಮ ಹಾಡು ತಾವೇ ಹಾಡೋಕೆ ಶುರುಮಾಡಿದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದ. 65ರಲ್ಲಿ ಅವರಿಗೂ ಪಿಬಿಎಸ್ ದನಿಯೇ.

ಕುಡ್ಲ_ಕೀಬೋರ್ಡ್
ಅದಕ್ಕಿಂತ ಮೊದಲೂ ಹಾಡಿದ್ದುಂಟು ಮಾರಾಯ್ರೆ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ, ಜಾನಕಿಯವರ ಜೊತೆಗೇ.

ಹಳೇರೆಕಾರ್ಡು
ಅದೊಂದನ್ನು ಹಿಡಿದುಕೊಂಡು 65ಕ್ಕೆ ಸೇತುವೆ ಕಟ್ಟೋಕಾಗಲ್ಲ.

ಕುಡ್ಲ_ಕೀಬೋರ್ಡ್
ಕಲ್ಪನೆಯ ಹಾಡಿಗೆ ಇಷ್ಟು ಕಾಯ್ದೆ ಕಾನೂನು ಯಾಕೆ? ಇರ್ಲಿ. ಅಟ್ಟದವರೇ, ಪಿಟೀಲು ಸರಿಯಾಗದಿದ್ರೆ ನನ್ನ ಹತ್ರ ಡಿಎಕ್ಸ್7 ಸಿಂಥ್ ಕೀಬೋರ್ಡ್ ಉಂಟು, ನಾನೇ ನುಡಿಸಿ ಕಳಿಸ್ತೇನೆ. ಒರಿಜಿನಲ್ ಹಾಡಿನಲ್ಲಿ ಇದ್ದದ್ದೂ ಅದೇ ಅಲ್ವಾ. ನಂದು ಮೊನ್ನೆ ಒಳಗಿನ ಬ್ಯಾಟರಿ ಬದಲಿಸಿದ ಮೇಲೆ ಹೊಸತರ ಹಾಗೆ ಉಂಟು. ಕೆಳಗೊಂದು ಸ್ಟ್ಯಾಂಡ್, ಮೇಲೊಂದು ಸ್ಟ್ಯಾಂಡ್, ನಡುವೆ ಮಿಕ್ಸರ್. ಫೋಟೋ ಬೇಕಾದ್ರೆ ಹಾಕ್ತೇನೆ.

ಹಳೇರೆಕಾರ್ಡು
ಡಿಎಕ್ಸ್7 ಮಾರುಕಟ್ಟೆಗೆ ಬಂದಿದ್ದು 1983ರಲ್ಲಿ. ‘ಗೀತಾ’ 1981. ಲೆಕ್ಕ ನೀವೇ ಹಾಕಿ.

ಧಾರವಾಡ_ತಂತಿ
ನಮಸ್ಕಾರ್ರಿ. ಇವರ ಗದ್ದಲ ಬಿಡ್ರಿ. ಪಿಟೀಲು ಹೆಂಗ ರೆಕಾರ್ಡ್ ಮಾಡೀರಿ, ಅದನ್ನ ಹೇಳಿಲ್ಲಲ್ರಿ ನೀವು. ಒಂದ ಮೈಕೋ ಎರಡೋ?

ಅಟ್ಟದ_ಸ್ಟುಡಿಯೋ
ಎರಡು. ಅದು ಮಾಮೂಲಿ ಅಲ್ವಾ ಅಂತ ಬರೀಲಿಲ್ಲ. ನಮ್ಮ ಸೋದರತ್ತೆ ಒಬ್ಬರೇ ನುಡಿಸಿದ್ದು, ಎಂಟು ಸಲ, ಎಂಟು ಜನ ಕೂತ ಹಾಗೆ ಕೇಳಿಸಲಿ ಅಂತ. ಎರಡೂ ಮೈಕ್ ಮೂತಿ ತಾಗಿಸಿ, ಒಂದು ಎಡಕ್ಕೆ ಒಂದು ಬಲಕ್ಕೆ ತಿರುಗಿಸಿ, ಎಕ್ಸ್‌ವೈ ಇಟ್ಟಿದ್ದೆ. ಹಾಡು, ಮ್ಯಾಂಡೋಲಿನ್, ತಬಲಾ ಎಲ್ಲ ಒಂದೇ ಮೈಕು.

ಧಾರವಾಡ_ತಂತಿ
ಹಂಗಾರ ಒಂದು ಮೈಕು ತಲಿಕೆಳಗಾಗೇತ್ರಿ. ಮೈಕಿನ ಮೂತಿ ಅಲ್ಲ, ಅದರ ಪೊಲಾರಿಟಿ. ಮೂತಿ ಕೂಡಿಸಿ ಇಟ್ಟ ಎರಡೂ ಮೈಕಿಗೆ ಹೆಚ್ಚುಕಮ್ಮಿ ಒಂದೇ ಸಪ್ಪಳ ಬೀಳ್ತೈತಿ. ಒಂದು ಮ್ಯಾಲೆ ಹೋಗೂ ಮುಂದ ಇನ್ನೊಂದು ಕೆಳಗ ಹೋದ್ರ, ಕೂಡಿಸಿದಾಗ ಸೊನ್ನಿ. ಕೆಳಗಿನ ಸ್ವರ ಪೂರ್ತಿ ಸಾಯ್ತಾವ. ಮ್ಯಾಲಿನ ಸಪ್ಪಳ ಎರಡೂ ಮೈಕಿಗೆ ಸ್ವಲ್ಪ ಬ್ಯಾರೆ ಬ್ಯಾರೆ ಬೀಳ್ತದ, ಅದಕ್ಕ ಅಷ್ಟ ಉಳೀತದ. ಅದ ನಿಮ್ಮ ಸೊಳ್ಳಿ. ಹೆಡ್‌ಫೋನ್‌ದಾಗ ಕೇಳುವಾಗ ತಲಿ ಒಳಗಿಂದ ಯಾರೋ ಜಗ್ಗಿದಂಗ ಆಗ್ತದೇನು?

ಅಟ್ಟದ_ಸ್ಟುಡಿಯೋ
ಅಯ್ಯೋ ಹೌದು! ಅದನ್ನೇ ನಾನು ‘ವಿಶಾಲವಾಗಿದೆ’ ಅಂದ್ಕೊಂಡು ಖುಷಿಪಡ್ತಿದ್ದೆ.

ಸ್ಪೂಲ್‌ಸ್ವಾಮಿ
ಫೇಸ್ ಸಮಸ್ಯೆ, ಎರಡು ಅಲೆ ಒಂದಕ್ಕೊಂದು ಹೊಂದದೇ ಇರೋದು, ಅಂತ ನಾನೂ ಅದನ್ನೇ ಹೇಳಿದ್ದು. ವಿಳಂಬ ಅಂದ್ರೆ ಫೇಸ್ ತಾನೆ.

ಧಾರವಾಡ_ತಂತಿ
ಅಲ್ರೀ. ವಿಳಂಬ ಆದ್ರ ಒಂದೊಂದು ಸ್ವರಕ್ಕ ಒಂದೊಂದು ಪರಿಣಾಮ. ಒಂದು ಸಾಯ್ತದ, ಪಕ್ಕದ್ದು ಉಬ್ಬತದ. ಪೊಲಾರಿಟಿಗೆ ಟೈಮಿನ ಮಾತ ಇಲ್ಲ, ಕೂಡೂದರ ಬದಲಿ ಕಳೆಯೂದು, ಅಷ್ಟ.

ಸ್ಪೂಲ್‌ಸ್ವಾಮಿ
ಹೆಸರಿನ ಜಗಳ ಅಷ್ಟೆ. ನನ್ನ ಹತ್ರ ನಿಜವಾದ ಸ್ಪೂಲ್ ರೆಕಾರ್ಡರೇ ಇದೆ, ಕಾಲು ಇಂಚಿನ ಟೇಪಿನದ್ದು. ಬೆಲ್ಟ್ ಹೊಸದು, ಹೆಡ್ ವಾರಕ್ಕೊಮ್ಮೆ ಸ್ಪಿರಿಟ್‌ನಲ್ಲಿ ಒರೆಸ್ತೀನಿ. 65ರ ಸದ್ದು ಬೇಕಾದ್ರೆ ಹಾಡನ್ನ ಅದರೊಳಗೆ ಒಂದು ಸುತ್ತು ಓಡಿಸಿ ತರಬೇಕು, ಪ್ಲಗಿನ್‌ನಲ್ಲಿ ಬರಲ್ಲ ಅಂತ ಈ ಜಾಗದಲ್ಲೇ ಎಷ್ಟು ಸಲ ಹೇಳಿದ್ದೀನಿ.

ಅಟ್ಟದ_ಸ್ಟುಡಿಯೋ
ತಂತಿ ಅವರೇ, ರೀಪರ್‌ನಲ್ಲಿ ಗೆರೆ ಹೊಡೆದ ಸೊನ್ನೆಯ ಗುಂಡಿ ಇದೆಯಲ್ಲ, ಪೊಲಾರಿಟಿ ತಿರುಗಿಸೋದು, ಒತ್ತಿದೆ. ಏನೂ ಆಗಲಿಲ್ಲ. ಸೊಳ್ಳೆ ಸೊಳ್ಳೆಯೇ. ಹಾಗಾದ್ರೆ ಇದಲ್ಲ ಅಂತ ಆಯ್ತಲ್ವಾ?

ಸ್ಪೂಲ್‌ಸ್ವಾಮಿ
ನೋಡಿ! ಪ್ಲಗಿನ್ನೇ. ಹಳೇ ಪ್ರಾಜೆಕ್ಟಲ್ಲಿ ಪ್ಲಗಿನ್ ಇದ್ದಾಗಲೇ ಫೈಲ್ ರೆಂಡರ್ ಆಗಿರಬೇಕು, ವಿಷ ಒಳಗೇ ಸೇರಿದೆ. ಎಂಟೂ ಸಲ ಹೊಸದಾಗಿ ರೆಕಾರ್ಡ್ ಮಾಡಿ.

ಅಟ್ಟದ_ಸ್ಟುಡಿಯೋ
ಎಂಟು ಸಲ ಇನ್ನೊಮ್ಮೆ ಅಂದ್ರೆ ಅತ್ತೆ ಕಮಾನಲ್ಲೇ ಬಾರಿಸ್ತಾರೆ.

ಧಾರವಾಡ_ತಂತಿ
ತಡೀರಿ ತಡೀರಿ. ಎರಡೂ ಮೈಕು ಒಂದ ಸ್ಟೀರಿಯೋ ಟ್ರ್ಯಾಕಿನಾಗ ಹಿಡದೀರೇನು?

ಅಟ್ಟದ_ಸ್ಟುಡಿಯೋ
ಹೌದು, ಒಂದೇ ಟ್ರ್ಯಾಕ್. ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಇಂಟರ್‌ಫೇಸಿನ 1 ಮತ್ತು 2ನ್ನ ಜೋಡಿಯಾಗಿ.

ಧಾರವಾಡ_ತಂತಿ
ಅಲ್ಲೇ ಐತಿ ನೋಡ್ರಿ ಘಾತ. ಆ ಗುಂಡಿ ಒತ್ತಿದ್ರ ಎಡಕ್ಕ ಬಲಕ್ಕ ಎರಡೂ ಒಮ್ಮೆಲೇ ತಿರುಗ್ತಾವ. ಇಬ್ಬರೂ ಕೂಡೇ ತಿರುಗಿ ನಿಂತ್ರ ಒಬ್ಬರಿಗೊಬ್ಬರು ಬೆನ್ನು ಮಾಡಿದ್ದು ಹೋಗಂಗಿಲ್ಲ. ಫೈಲ್ ಒಡದು ಎರಡು ಮೋನೋ ಮಾಡ್ರಿ. ಆಕ್ಷನ್ ಪಟ್ಟಿಯೊಳಗ ‘ಎಕ್ಸ್‌ಪ್ಲೋಡ್’ ಅಂತ ಹುಡುಕ್ರಿ, ಬಹು ಚಾನೆಲ್ ಇದ್ದದ್ದನ್ನ ಒಂದೊಂದ ಚಾನೆಲ್ ಮಾಡಿ ಕೊಡ್ತದ. ಆಮ್ಯಾಲೆ ಬಲಗಡೆದ್ದಕ್ಕ ಅಷ್ಟ ಗುಂಡಿ ಒತ್ರಿ.

ಇನ್ನೊಂದು. ಕೇಬಲ್ ಎಲ್ಲಿದು?

ಅಟ್ಟದ_ಸ್ಟುಡಿಯೋ
ಬಂತು!!! ಪಿಟೀಲು ಬಂತು! ಮಧ್ಯದಲ್ಲಿ ದಪ್ಪಗೆ, ತುಪ್ಪದ ಹಾಗೆ ನಿಂತಿದೆ. ಅಪ್ಪನ ಫೋನಲ್ಲೂ ಕೇಳಿಸ್ತಿದೆ. ಎಂಟೂ ಫೈಲ್ ಹಾಗೇ ಸರಿಮಾಡಿದೆ.

ಕೇಬಲ್ ಒಂದು ಕೊಂಡಿದ್ದು, ಇನ್ನೊಂದು ನಾನೇ ಬೆಸುಗೆ ಹಾಕಿದ್ದು. ಎಸ್‌ಪಿ ರೋಡಲ್ಲಿ ಕನೆಕ್ಟರ್ ತಂದು. ಅದನ್ನೂ ಹೇಳಬೇಕಿತ್ತಾ?

ಧಾರವಾಡ_ತಂತಿ
ಅದನ್ನ ಮೊದಲ ಹೇಳಬೇಕಿತ್ರಿ ಯಪ್ಪಾ! ಮಲ್ಟಿಮೀಟರ್ ತಗೊಂಡು ಬೀಪ್ ಹಚ್ಚಿ ನೋಡ್ರಿ. ಈ ತುದಿ ಪಿನ್ 1 ಆ ತುದಿ ಪಿನ್ 1ಕ್ಕ, 2 2ಕ್ಕ, 3 3ಕ್ಕ. 1 ನೆಲ (ಗ್ರೌಂಡ್), 2 ಬಿಸಿ (ಸಪ್ಪಳ ಸೀದಾ ಒಯ್ಯೂದು), 3 ತಂಪು (ಅದನ್ನ ಉಲ್ಟಾ ಒಯ್ಯೂದು). ನೀವು ಒಂದು ತುದಿಗೆ 2 ಮತ್ತು 3 ಅದಲುಬದಲು ಮಾಡಿರಿ. ಗಂಡು ಕನೆಕ್ಟರ್, ಹೆಣ್ಣು ಕನೆಕ್ಟರ್ ಹಿಂದಿನಿಂದ ನೋಡಿದ್ರ ಕನ್ನಡಿಯಂಗ ಉಲ್ಟಾ ಕಾಣ್ತಾವ, ಎಲ್ಲಾರೂ ಎಡವೂದು ಅಲ್ಲೇ. ಪಿನ್ನಿನ ಮಗ್ಗಲಕ್ಕ ಸಣ್ಣ ಅಂಕಿ ಕೆತ್ತಿರ್ತಾರ, ಅದನ್ನ ನೋಡಿ ಬೆಸೀಬೇಕು.

ಅಟ್ಟದ_ಸ್ಟುಡಿಯೋ
ನೋಡಿದೆ. 2 ಹೋಗಿ 3ಕ್ಕೆ ಬೀಪ್ ಅಂತಿದೆ. ನಾಚಿಕೆ ಆಗ್ತಿದೆ. ಅದೇ ಕೇಬಲಲ್ಲಿ ಮ್ಯಾಂಡೋಲಿನ್ ಕೂಡ ಹಿಡಿದಿದ್ದೆ, ಒಂದೇ ಮೈಕಾದ್ದರಿಂದ ಗೊತ್ತೇ ಆಗಿಲ್ಲ.

ಈಗ ಹೊಸ ತಲೆನೋವು. ಪಿಟೀಲು ಸರಿಯಾದ ಮೇಲೆ ಹಾಡನ್ನೇ ನುಂಗ್ತಿದೆ. ಮೋನೋದಲ್ಲಿ ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. ಈಕ್ಯೂ (ಮೇಲಿನ, ಕೆಳಗಿನ ಸದ್ದು ಏರಿಸಿ ಇಳಿಸೋದು) ಹಾಕಿ ಕೊರೆದೂ ಕೊರೆದೂ ಸಾಕಾಯ್ತು.

ಹಳೇರೆಕಾರ್ಡು
ಈಗ ನನ್ನ ಸರದಿ. ನೀವು ಎಂಟು ಪಿಟೀಲನ್ನು ಹಾಡಿನುದ್ದಕ್ಕೂ ಎಳೆಯುತ್ತಿದ್ದೀರಿ, ಅದು 65 ಅಲ್ಲ. ಆಗ ಹಾಡುವವರು, ವಾದ್ಯದವರು ಒಟ್ಟಿಗೇ ನಿಂತು ಒಂದೇ ಉಸಿರಿಗೆ ರೆಕಾರ್ಡ್ ಮಾಡುತ್ತಿದ್ದರು. ಯಾರದಾದರೂ ಕೈ ತಪ್ಪಿದರೆ ಮತ್ತೆ ಮೊದಲಿಂದ. ಆಮೇಲೆ ಕೂತು ಇದನ್ನು ಇಳಿಸಿ ಅದನ್ನು ಏರಿಸುವ ಅವಕಾಶ ಕಡಿಮೆ. ಹಾಗಾಗಿ ಸಮತೋಲ ಬರೀತಿದ್ದದ್ದು ಸ್ವರದ ಹಾಳೆಯಲ್ಲೇ. ದನಿ ಇರುವಾಗ ಪಿಟೀಲು ಸುಮ್ಮನಿರುತ್ತೆ, ಸಾಲು ಮುಗಿದ ಕೂಡಲೇ ಆ ಸಂದಿಗೆ ಬಂದು ಒಂದು ಮಾತು ಹೇಳಿ ಹೋಗುತ್ತೆ. ಅದರ ಹಿಂದೆ ಮ್ಯಾಂಡೋಲಿನ್. ಹಳೇ ಹಾಡು ಯಾವುದಾದರೂ ಹಾಕಿ, ಬರೀ ಪಿಟೀಲು ಎಲ್ಲೆಲ್ಲಿ ಸುಮ್ಮನಿದೆ ಅಂತ ಗುರುತು ಹಾಕಿಕೊಳ್ಳಿ.

ಉದ್ದವನ್ನೂ ನೋಡಿ. ಹತ್ತು ಇಂಚಿನ, ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂಕಾಲು ನಿಮಿಷ. ಎರಡನೇ ಚರಣದ ಮುಂಚಿನ ವಾದ್ಯಭಾಗಕ್ಕೆ ಕತ್ತರಿ ಬೀಳಲೇಬೇಕು. ನಾನಾಗಿದ್ದರೆ ಅಲ್ಲೇ ಬೀಳಿಸುತ್ತಿದ್ದೆ.

ಅಂದಹಾಗೆ ಇದೇ ಟ್ಯೂನನ್ನು ಇಳಯರಾಜ ಅವರೇ 1984ರಲ್ಲಿ ತಮಿಳಿನ ‘ನೂರಾವದು ನಾಳ್’ಗೆ, ಮತ್ತೆ 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೆ ಕೊಟ್ಟರು. ಮೂರನ್ನೂ ಸಾಲಾಗಿ ಕೇಳಿ. ಹಾಡು ಮುಂದಕ್ಕೆ ಹೋಗೋದನ್ನು ಅವರೇ ತೋರಿಸಿದ್ದಾರೆ, ಹಿಂದಕ್ಕೆ ತಳ್ಳುವ ಪಾಡು ನಿಮ್ಮದು.

ಕುಡ್ಲ_ಕೀಬೋರ್ಡ್
ಹಿಂದಿದ್ದು ನಂಗೆ ಹೆಚ್ಚು ಇಷ್ಟ. ಹೇಳಿದ್ರೆ ಬೈಬೇಡಿ.

ಹಳೇರೆಕಾರ್ಡು
ಬೈಯೋದಿಲ್ಲ. ಉತ್ತರವನ್ನೂ ಕೊಡೋದಿಲ್ಲ.

ಧಾರವಾಡ_ತಂತಿ
ದೂರದ ಲೆಕ್ಕಾನೂ ಐತ್ರಿ. ಒಂದ ಮೈಕು ನಡುವ ನಿಲ್ಲಸ್ರಿ. ಹಾಡಾವ್ರು ಒಂದು ಗೇಣು, ಮ್ಯಾಂಡೋಲಿನ್ ಎರಡು ಹೆಜ್ಜಿ, ತಬಲಾ ಅದರ ಹಿಂದ, ಪಿಟೀಲು ಗ್ವಾಡಿ ಕಡೆ. ಸಪ್ಪಳ ಜಾಸ್ತಿ ಆದ್ರ ಗುಂಡಿ ತಿರುವಬ್ಯಾಡ್ರಿ, ಮನಷ್ಯಾನ್ನ ಸರಸ್ರಿ.

ಅಟ್ಟದ_ಸ್ಟುಡಿಯೋ
ಅತ್ತೆಗೆ ಓದಿ ಹೇಳಿದೆ. ‘ಒಟ್ಟಿಗೆ ನುಡಿಸೋದಾದ್ರೆ ಒಂದೇ ಸಲ ತಾನೆ? ಅದನ್ನ ಮೊದಲೇ ಮಾಡೋಕೇನಾಗಿತ್ತು ನಿಂಗೆ ರೋಗ’ ಅಂದ್ರು. ಭಾನುವಾರ ಅಂತ ನಿಕ್ಕಿಯಾಗಿದೆ. ತಬಲಾದವನು ಕಿವಿಯಲ್ಲಿ ಲಯ ಹೇಳೋ ಕ್ಲಿಕ್ ಸದ್ದು ಇಲ್ದೇ ನುಡಿಸಲ್ಲ ಅಂತ ಹಟ ಹಿಡಿದಿದ್ದಾನೆ, 65ರಲ್ಲಿ ಯಾರ ಕಿವಿಗೆ ಕ್ಲಿಕ್ ಹಾಕ್ತಿದ್ರು ಅಂತ ಬೈದಿದ್ದೀನಿ.

ಆ ಕೇಬಲ್ ಕತ್ತರಿಸಿ ಬಿಸಾಕಲಾ?

ಧಾರವಾಡ_ತಂತಿ
ಬ್ಯಾಡ್ರಿ! ಕೆಂಪು ಟೇಪು ಸುತ್ತಿ ಇಟ್ಕೋರಿ. ಡ್ರಮ್ಮಿಗೆ ಮ್ಯಾಲೊಂದು ಕೆಳಗೊಂದು ಮೈಕು ಇಟ್ಟಾಗ ಕೆಳಗಿನದಕ್ಕ ಸಪ್ಪಳ ಉಲ್ಟಾ ಬೀಳ್ತದ, ಅದಕ್ಕ ಇಂಥಾದ್ದ ಬೇಕಾಗ್ತದ.

ಸ್ಪೂಲ್‌ಸ್ವಾಮಿ
ಭಾನುವಾರದ ರೆಕಾರ್ಡಿಂಗ್ ಮುಗಿದ ಮೇಲೆ ಫೈಲ್ ಕಳಿಸಿ, ನನ್ನ ಸ್ಪೂಲಲ್ಲಿ ಓಡಿಸಿ ಕೊಡ್ತೀನಿ. ಟೇಪ್ ಪ್ಲಗಿನ್ ಮಾತ್ರ ಹಾಕ್ಬೇಡಿ. ನನಗೆ ಈಗಲೂ ಅದರ ಮೇಲೆ ಅನುಮಾನ ಇದೆ.

ಕುಡ್ಲ_ಕೀಬೋರ್ಡ್
ಸ್ವಾಮಿಯವರೇ, ಸ್ಪೂಲಿನ ಬೆಲ್ಟ್ ಎಲ್ಲಿ ಸಿಕ್ಕಿತು? ನಮ್ಮ ಮಾವನವರದ್ದೊಂದು ಅಟ್ಟದಲ್ಲಿ ಬಿದ್ದಿದೆ, ತಿರುಗ್ತದೆ, ಆದ್ರೆ ಎಲ್ಲರ ದನಿಯೂ ನಿದ್ದೆಗಣ್ಣಿನ ಹಾಗೆ ಕೇಳ್ತದೆ.

ಸ್ಪೂಲ್‌ಸ್ವಾಮಿ
ಯಾವ ಮಾಡೆಲ್? ಹಿಂದಿನ ಮುಚ್ಚಳ ಬಿಚ್ಚಿ ಫೋಟೋ ಹಾಕಿ. ಬೇರೆ ಚರ್ಚೆ ಶುರು ಮಾಡ್ತೀನಿ, ಇದರಲ್ಲಿ ಬೇಡ.