ಸ್ಟುಟ್‌ಗಾರ್ಟ್‌ನ ದ್ರಾಕ್ಷಿ ಗುಡ್ಡಗಳಲ್ಲಿ ನಡೆಯೋಕೆ ಹೋಗಬಹುದಾ?

ಹೊಸಬಳು:
ಎಲ್ಲರಿಗೂ ನಮಸ್ಕಾರ. ಗಂಡನ ಕೆಲಸಕ್ಕೆಂದು ಈ ಬೇಸಿಗೆಯಲ್ಲಿ ಇಲ್ಲಿಗೆ ಬಂದೆವು. ಮನೆ ಸಿಕ್ಕಿದ್ದು ಉಂಟರ್‌ಟ್ಯುರ್ಕ್‌ಹೈಮ್‌ನಲ್ಲಿ. ಕಿಟಕಿಯಿಂದ ನೋಡಿದರೆ ಗುಡ್ಡದ ತುಂಬ ದ್ರಾಕ್ಷಿ ಸಾಲು, ತುದಿಯಲ್ಲೊಂದು ಗುಮ್ಮಟದ ಕಟ್ಟಡ. ಭಾನುವಾರ ಅಂಗಡಿಗಳೆಲ್ಲ ಬಂದ್, ಕಾರಿಲ್ಲ, ಪರಿಚಯದವರೂ ಇಲ್ಲ, ಹಾಗಾಗಿ ಅತ್ತ ನಡೆದು ಹೋಗಿ ಬರೋಣ ಅಂತಿದ್ದೇವೆ. ಆದರೆ ಅದು ಯಾರದೋ ತೋಟ ಅಲ್ವಾ, ಬೈದರೆ? ಮಗು ಚಿಕ್ಕದು, ತಳ್ಳುಗಾಡಿ ಹೋಗುತ್ತಾ? ಇಬ್ಬರೂ ಸಸ್ಯಾಹಾರಿಗಳು, ನಾನು ಕುಡಿಯೋದೂ ಇಲ್ಲ. ಜರ್ಮನ್ ಅಂತೂ ಕೇಳಲೇಬೇಡಿ.

ನೆಕ್ಕರ್ ದಂಡೆ:
ಧಾರಾಳವಾಗಿ ಹೋಗಿ. ಗುಡ್ಡದ ಮಧ್ಯೆ ಟ್ರಾಕ್ಟರ್ ಓಡಾಡೋ ಡಾಂಬರು ದಾರಿಗಳಿವೆ, ಅವು ನಡೆಯುವವರಿಗೂ ಮುಕ್ತ. ಸಾಲುಗಳ ನಡುವೆ ಮಾತ್ರ ನುಗ್ಗಬೇಡಿ, ಹಣ್ಣು ಕೀಳಬೇಡಿ, ಒಂದು ಗೊಂಚಲೂ ಬೇಡ, ಇಲ್ಲಿ ಅದು ಕಳ್ಳತನವೇ. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲ, ಆಗ ಎಲ್ಲಾದರೂ ದಾರಿ ಮುಚ್ಚಿ ಬೋರ್ಡ್ ಹಾಕಿದ್ದರೆ ಸುತ್ತಿಕೊಂಡು ಹೋಗಿ.

ನಿಮಗೆ ಕಾಣೋ ಗುಮ್ಮಟ ಒಂದು ಸಮಾಧಿ. ರಷ್ಯಾದ ರಾಜಕುಮಾರಿ ಕ್ಯಾಥರೀನಾ ಇಲ್ಲಿಯ ರಾಣಿಯಾಗಿದ್ದಳು, 1819ರಲ್ಲಿ ತೀರಿಕೊಂಡಳು. ಅವಳಿಗಾಗಿ ರಾಜ ಒಂದನೇ ವಿಲ್‌ಹೆಲ್ಮ್ ತನ್ನ ವಂಶದ ಹಳೇ ಕೋಟೆಯನ್ನೇ ಕೆಡವಿಸಿ 1820ರಿಂದ 1824ರವರೆಗೆ ಇದನ್ನು ಕಟ್ಟಿಸಿದ. ಬಾಗಿಲ ಮೇಲೆ ‘ಪ್ರೀತಿ ಎಂದೂ ಮುಗಿಯದು’ ಅಂತ ಜರ್ಮನ್‌ನಲ್ಲಿ ಕೆತ್ತಿದ್ದಾರೆ. (ಅವಳು ತೀರಿಕೊಂಡ ಮರುವರ್ಷವೇ ರಾಜ ಇನ್ನೊಂದು ಮದುವೆಯಾದ, ಅದು ಬೇರೆ ವಿಷಯ.) ಗುಡ್ಡದ ಎತ್ತರ 411 ಮೀಟರ್, ಏರು ಜಾಸ್ತಿ. ತಳ್ಳುಗಾಡಿ ಇದ್ದರೆ ಸ್ಟೇಷನ್ ಹತ್ತಿರ 61ನೇ ಬಸ್ ಹಿಡಿದು ರೋಟೆನ್‌ಬೆರ್ಗ್‌ವರೆಗೆ ಹೋಗಿ. ಅಲ್ಲಿಂದ ಊಲ್‌ಬಾಖ್ ಮೂಲಕ ಓಬರ್‌ಟ್ಯುರ್ಕ್‌ಹೈಮ್‌ಗೆ ಇಳಿಯಿರಿ, ಎಸ್1 ರೈಲಿನಲ್ಲಿ ಒಂದೇ ಸ್ಟಾಪ್, ಮನೆ.

ತ್ರೊಲಿಂಗರ್ ಭಕ್ತ:
ಮೇಲಿನವರು ನಡೆಸಿ ನಡೆಸಿ ಮನೆಗೆ ಕಳಿಸಿಬಿಟ್ಟರು, ಬೆಸನ್ ವಿಷಯವೇ ಎತ್ತಲಿಲ್ಲ! (ಕಡಲೆಹಿಟ್ಟಲ್ಲ, ಜರ್ಮನ್‌ನಲ್ಲಿ ಬೆಸನ್ ಅಂದರೆ ಪೊರಕೆ.) ದ್ರಾಕ್ಷಿ ಬೆಳೆಯುವವರು ವರ್ಷದಲ್ಲಿ ಕೆಲವು ವಾರ ತಮ್ಮ ಮನೆಯಲ್ಲೋ ಕೊಟ್ಟಿಗೆಯಲ್ಲೋ ಬೆಂಚು ಹಾಕಿ ಸ್ವಂತ ವೈನ್ ಮಾರುತ್ತಾರೆ. ಬೀದಿಗೆ ಕಾಣುವ ಹಾಗೆ ಪೊರಕೆ ನೇತುಹಾಕಿದ್ದರೆ ತೆರೆದಿದೆ ಅಂತ ಅರ್ಥ. ಒಳಗೆ ಖಾಲಿ ಮೇಜು ಹುಡುಕಬೇಡಿ. ಜಾಗ ಇರೋ ಕಡೆ ‘ಇಸ್ಟ್ ಹಿಯರ್ ನೊಖ್ ಫ್ರೈ?’ (ಇಲ್ಲಿ ಜಾಗ ಖಾಲಿ ಇದೆಯಾ?) ಅಂತ ಕೇಳಿ ಕೂತುಬಿಡಿ, ಆಚೀಚೆಯವರೇ ಸರಿದು ಜಾಗ ಮಾಡಿಕೊಡುತ್ತಾರೆ. ಕಾಲು ಲೀಟರ್ ತ್ರೊಲಿಂಗರ್, ಹಿಡಿ ಇರೋ ದಪ್ಪ ಗಾಜಿನ ಲೋಟದಲ್ಲಿ ಬರುತ್ತೆ. ತೆಳು ಕೆಂಪು ವೈನ್, ತಿಳಿದವರು ಮೂಗು ಮುರಿಯುತ್ತಾರೆ, ಮುರಿದುಕೊಳ್ಳಲಿ. ನಿಮಗೆ ಟ್ರೌಬನ್‌ಸಾಫ್ಟ್ ಕೇಳಿ, ದ್ರಾಕ್ಷಿ ರಸ, ಮಗುವಿಗೂ ಆಗುತ್ತೆ. ಕುಡಿಯಲ್ಲ ಅಂದರೆ ಯಾರೂ ಏನೂ ಅಂದುಕೊಳ್ಳಲ್ಲ. ಜೇಬಲ್ಲಿ ನಗದು ಇರಲಿ, ಎಷ್ಟೋ ಕಡೆ ಕಾರ್ಡ್ ನಡೆಯಲ್ಲ.

ಎದುರಿಗೆ ಕೂತ ಅಜ್ಜ ಮಾತಾಡಿಸೇ ತೀರುತ್ತಾರೆ. ಅವರ ಶ್ವೇಬಿಶ್, ಅಂದರೆ ಇಲ್ಲಿಯ ಆಡುಮಾತು, ಬರ್ಲಿನ್‌ನವರಿಗೇ ಅರ್ಥ ಆಗಲ್ಲ, ನಿಮ್ಮ ಜರ್ಮನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಸೊಪ್ಪುಸದೆ:
ಊಟದ ಬಗ್ಗೆ ಒಂದು ಮಾತು. ಆಲೂಗಡ್ಡೆ ಸಲಾಡ್ ನೋಡಿ ಸೇಫ್ ಅಂದುಕೊಳ್ಳಬೇಡಿ, ಈ ಭಾಗದಲ್ಲಿ ಅದಕ್ಕೆ ಮಾಂಸದ ಸಾರು ಹಾಕೋದೇ ಪದ್ಧತಿ. ಶರತ್ಕಾಲದ ಈರುಳ್ಳಿ ಕೇಕ್‌ನಲ್ಲಿ ಹಂದಿ ಮಾಂಸದ ಚೂರು ಇರುತ್ತೆ. ಬೇಳೆ-ಶ್ಪೆಟ್ಸ್‌ಲೆ (ಶ್ಪೆಟ್ಸ್‌ಲೆ ಅಂದರೆ ಇಲ್ಲಿಯ ನೂಡಲ್ಸ್) ಜೊತೆ ಸಾಸೇಜ್ ಬರುತ್ತೆ, ಬೇಳೆಯಲ್ಲೂ ಬೇಕನ್ ಇರಬಹುದು. ಕೇಸ್‌ಶ್ಪೆಟ್ಸ್‌ಲೆ ಕೇಳಿ, ಚೀಸ್, ಹುರಿದ ಈರುಳ್ಳಿ, ಅಷ್ಟೇ, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇದೆ. ಮೊಟ್ಟೆಯೂ ಬೇಡ ಅಂದರೆ ಮನೆಯಿಂದ ಚಪಾತಿ ಕಟ್ಟಿಕೊಂಡು ಹೋಗಿ ದಾರಿಯ ಬೆಂಚಿನ ಮೇಲೆ ತಿನ್ನೋದೇ ಒಳ್ಳೇದು.

ಹೊಸಬಳು:
ಮೊಟ್ಟೆ ನಡೆಯುತ್ತೆ, ಬಚಾವ್! ಗಂಡ ಆಗಲೇ ಪೊರಕೆ ಹುಡುಕೋಕೆ ಶುರು ಮಾಡಿದ್ದಾರೆ. ಅಂಗಡಿಯಲ್ಲಿ ಕದಡಿದ ಹಾಗೆ ಕಾಣೋ ಹೊಸ ವೈನ್ ಬಾಟಲಿ ನೋಡಿದೆವು, ಅದನ್ನು ಬ್ಯಾಗಿನಲ್ಲಿ ತರಬಹುದಾ?

ತ್ರೊಲಿಂಗರ್ ಭಕ್ತ:
ತನ್ನಿ, ಆದರೆ ನೆಟ್ಟಗೆ ನಿಲ್ಲಿಸಿ. ಅದು ಇನ್ನೂ ಹುದುಗುತ್ತಾ ಇರುತ್ತೆ, ಗ್ಯಾಸ್ ಹೋಗಲಿ ಅಂತ ಮುಚ್ಚಳ ಬಿಗಿ ಇರಲ್ಲ. ಮಲಗಿಸಿದರೆ ಬ್ಯಾಗೆಲ್ಲ ವೈನ್.