ಸಹಾಯ ಬೇಕು: ಚುರುಕಾದದ್ದು ಕಿವಿಯೋ, ಕೈಯೋ?

ಮನೋವಿಜ್ಞಾನ ಓದಿದವರು ಬೆಂಗಳೂರಿನಲ್ಲಿ ಯಾರಾದರೂ ಇದ್ದೀರಾ? ಉತ್ತೇಜಕ ಔಷಧಗಳು ಮತ್ತು ಕೋತಿಗಳ ಬಗ್ಗೆ ಎಂ.ಎಸ್ಸಿ. ಸೆಮಿನಾರಿದೆ. (ಕೋತಿಗೆ ಹೆಂಡ ಕುಡಿಸಿದಂತೆ ಎಂದು ಕಿಚಾಯಿಸಬೇಡಿ, ಹೆಂಡ ಉತ್ತೇಜಕವಲ್ಲ.) ಆಂಫೆಟಮೈನ್ ಎಂಬ ಉತ್ತೇಜಕ ಮಿದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಅಲ್ಪ ಪ್ರಮಾಣದಲ್ಲಿ ಗಮನ ನಿಲ್ಲಬಹುದು, ಹೆಚ್ಚಾದರೆ ಕೆಡುತ್ತದೆ. ಅಲ್ಲಿಗೆ ಸರಿ.

ಸಿಕ್ಕಿಕೊಂಡಿರುವುದು ಮುಂದೆ. ಪ್ರಯೋಗದಲ್ಲಿ ಲಿವರಿನ ಹಿಡಿಯನ್ನು ಒತ್ತಿ ಕುಳಿತ ಕೋತಿ, ಸದ್ದು ಕೇಳಿದೊಡನೆ ಕೈ ಬಿಡಬೇಕು. ಔಷಧದ ನಂತರ ಬೇಗ ಬಿಟ್ಟರೆ ಕಿವಿ ಸೂಕ್ಷ್ಮವಾಯಿತೆನ್ನಬೇಕೋ, ಕೈಗೆ ಆತುರ ಹತ್ತಿತೆನ್ನಬೇಕೋ? ಸದ್ದನ್ನು ತಗ್ಗಿಸುತ್ತಾ ಹೋಗಿ ಕೇಳುವ ಮಿತಿಯನ್ನು ಅಳೆಯುತ್ತಾರೆ. ಸದ್ದೇ ಇಲ್ಲದಾಗ ಎಷ್ಟು ಸಲ ಕೈ ಬಿಟ್ಟಿತೆಂದೂ ಎಣಿಸುತ್ತಾರೆ. ಇವೆರಡನ್ನು ಜೋಡಿಸಿ ಲೆಕ್ಕ ಹಾಕುವ ಬಗೆ ಹೇಳಿಕೊಡಬಲ್ಲವರು ಬೇಕು. ಭಾನುವಾರ ಕಬ್ಬನ್ ಪಾರ್ಕಿಗೆ ಬಂದರೆ ಕಾಫಿ ನನ್ನದು; ಅದಂತೂ ಉತ್ತೇಜಕವೇ.