ಪೈ 4ರಲ್ಲಿ ಎರಡನೇ ಕ್ಯಾಮೆರಾ ಚಾನೆಲ್ ಆನ್ ಆಗುತ್ತಿಲ್ಲ, ವಿಡಿಯೊ ಟೈಮ್ ಕೂಡ ತಪ್ಪುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ತೋಟದ ಪಂಪ್‌ಹೌಸಿನಲ್ಲಿ ಮೋಟರ್ ಸ್ಟಾರ್ಟ್ ಆಗುವಾಗಿನ ಕರೆಂಟ್ ದಾಖಲಿಸುತ್ತಿದ್ದೇನೆ. ರಾಸ್ಪ್‌ಬೆರಿ ಪೈ 4 (ಪುಟ್ಟ ಕಂಪ್ಯೂಟರ್), ಎಡಿಎಸ್1115 ಬೋರ್ಡ್ (ವೋಲ್ಟೇಜನ್ನು ಅಂಕಿ ಮಾಡಿಕೊಡುವ ಎಡಿಸಿ), ಸೆಕೆಂಡಿಗೆ 860 ಸ್ಯಾಂಪಲ್. ಪ್ರೆಶರ್ ಗೇಜ್ ಹಳೇ ಮುಳ್ಳಿನದು, ವೈರ್ ಎಳೆಯಲು ಬರುವುದಿಲ್ಲ. ಅದಕ್ಕೇ ಒಂದು ವೆಬ್‌ಕ್ಯಾಮ್ ಗೇಜಿಗೆ, ಅದೇ ಮಾಡೆಲಿನ ಇನ್ನೊಂದು ನೀರು ಬೀಳುವ ಪೈಪಿಗೆ ಇಟ್ಟಿದ್ದೇನೆ. ಎರಡೂ 640×480, 30 ಫ್ರೇಮ್.

ಒಂದೇ ಇದ್ದರೆ ಓಡುತ್ತದೆ. ಎರಡನೆಯದು ಆನ್ ಮಾಡಿದ ಕೂಡಲೇ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಅನ್ನುತ್ತದೆ. ಕಾರ್ಡಿನಲ್ಲಿ ಇನ್ನೂ 40 ಜಿಬಿ ಖಾಲಿ ಇದೆ! ಇನ್ನೊಂದು ತೊಂದರೆ: 10 ನಿಮಿಷ ರೆಕಾರ್ಡ್ ಮಾಡಿದರೆ ಫೈಲ್ 5 ನಿಮಿಷದ್ದೇ ಇರುತ್ತದೆ. ಕರೆಂಟ್ ಗ್ರಾಫ್ ಜೊತೆ ಹೊಂದಿಸಲು ಆಗುತ್ತಿಲ್ಲ. ಒಂದು ವಾರದಿಂದ ತಲೆ ಕೆಟ್ಟು ಹೋಗಿದೆ.

ಉತ್ತರ:
ಕಾರ್ಡ್ ಬಿಡಿ, ಅದರದ್ದೇನೂ ತಪ್ಪಿಲ್ಲ. ಅಲ್ಲಿ ‘ಸ್ಪೇಸ್’ ಅಂದರೆ ಯುಎಸ್‌ಬಿ ದಾರಿಯಲ್ಲಿನ ಜಾಗ. ನಾನೂ ಮೊದಲ ಸಲ ಕಾರ್ಡ್ ಬದಲಿಸಿಯೇ ನೋಡಿದ್ದೆ.

ನಿಮ್ಮ ಕ್ಯಾಮೆರಾ ಬಹುಶಃ ವೈಯುವೈವಿಯಲ್ಲಿ, ಅಂದರೆ ಕುಗ್ಗಿಸದೆ ಕಳಿಸುತ್ತಿದೆ. ಲೆಕ್ಕ ಹಾಕಿ: 640×480, ಪ್ರತಿ ಪಿಕ್ಸೆಲಿಗೆ 2 ಬೈಟ್, 30 ಫ್ರೇಮ್. ಸೆಕೆಂಡಿಗೆ 18.4 ಎಂಬಿ. ಆದರೆ ಕ್ಯಾಮೆರಾ ತನಗೆ ಬೇಕಾದಷ್ಟನ್ನೇ ಹಿಡಿಯುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಸುಮಾರು 24.5 ಎಂಬಿ ಜಾಗವನ್ನು ಮೊದಲೇ ಕಾದಿರಿಸಿಬಿಡುತ್ತದೆ. ಎರಡಕ್ಕೆ 49 ಆಯಿತು. ಯುಎಸ್‌ಬಿ 2ರ 480 ಮೆಗಾಬಿಟ್ ಅಂದರೆ 60 ಎಂಬಿ, ಅದರಲ್ಲಿ ಇಂಥ ಕಾದಿರಿಸಿದ ದಾರಿಗೆ ಸಿಗುವುದು 80 ಪರ್ಸೆಂಟ್, 48 ಎಂಬಿ. ಕೂದಲೆಳೆಯಲ್ಲಿ ತಪ್ಪಿತು ಅಲ್ವಾ! ನೀಲಿ (ಯುಎಸ್‌ಬಿ 3) ಪೋರ್ಟಿಗೆ ಹಾಕಿದರೂ ಪ್ರಯೋಜನವಿಲ್ಲ. ಪೈ 4ರಲ್ಲಿ ಯುಎಸ್‌ಬಿ 2 ಸಾಧನಗಳಿಗೆ ನಾಲ್ಕೂ ಪೋರ್ಟ್ ಸೇರಿ ಒಂದೇ ದಾರಿ.

ಎರಡೂ ಚಾನೆಲಿನ ಫಾರ್ಮ್ಯಾಟನ್ನು ಎಂಜೆಪಿಜಿ ಮಾಡಿ, ಅದು ಪ್ರತಿ ಫ್ರೇಮನ್ನೂ ಕುಗ್ಗಿಸಿ ಕಳಿಸುತ್ತದೆ. ಕೆಲವು ಕ್ಯಾಮೆರಾ ಅದರಲ್ಲೂ ಪೂರ್ತಿ ಟವೆಲ್ ಹಾಸುತ್ತವೆ. ಹಾಗಾದರೆ ಒಂದನ್ನು ತೆಗೆದು ರಿಬ್ಬನ್ ಕೇಬಲಿನ ಪೈ ಕ್ಯಾಮೆರಾ ಹಾಕಿ, ಅದು ಯುಎಸ್‌ಬಿಗೆ ಬರುವುದೇ ಇಲ್ಲ.

5 ನಿಮಿಷದ ಫೈಲ್: ಪಂಪ್‌ಹೌಸ್ ಒಳಗೆ ಕತ್ತಲೆಯೇ?

ಪ್ರಶ್ನೆ ಕೇಳಿದವರು:
ಹೌದು, ಒಂದು ಸಣ್ಣ ಕಿಟಕಿ, ಒಂದು ಟ್ಯೂಬ್‌ಲೈಟ್. ಎಂಜೆಪಿಜಿ ಮಾಡಿದೆ, ಎರಡೂ ಓಡುತ್ತಿವೆ! ತುಂಬಾ ಥ್ಯಾಂಕ್ಸ್.

ಉತ್ತರ:
ಹಾಗಾದರೆ ಅದೇ ಕಾರಣ. ಬೆಳಕು ಸಾಲದಿದ್ದರೆ ಆಟೊ ಎಕ್ಸ್‌ಪೋಶರ್ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. 30 ಹೋಗಿ 15 ಆಗುತ್ತದೆ. ನಿಮ್ಮ ಪ್ರೋಗ್ರಾಂ 30 ಅಂತಲೇ ಬರೆಯುತ್ತದೆ.

ಎಕ್ಸ್‌ಪೋಶರನ್ನು ಮ್ಯಾನ್ಯುಯಲ್ ಮಾಡಿ, ಬೆಲೆ 200 ಇಡಿ. ಅದರಲ್ಲಿ 1 ಅಂದರೆ 100 ಮೈಕ್ರೊಸೆಕೆಂಡ್, 200 ಅಂದರೆ 20 ಮಿಲಿಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಟ್ಯೂಬ್‌ಲೈಟ್ ಮಿನುಗುವುದು 10 ಮಿಲಿಸೆಕೆಂಡಿಗೊಮ್ಮೆ. 10ರ ಮಗ್ಗಿಯಲ್ಲಿದ್ದರೆ ಚಿತ್ರದಲ್ಲಿ ಪಟ್ಟೆ ಬರುವುದಿಲ್ಲ. ಗೇಜಿನ ಎದುರು ಇನ್ನೊಂದು ಬಲ್ಬ್ ಹಾಕಿ.

ಅದಕ್ಕಿಂತ ಮುಖ್ಯ, ಫ್ರೇಮ್ ಎಣಿಸಿ ಟೈಮ್ ಹೇಳುವುದನ್ನು ಬಿಟ್ಟುಬಿಡಿ. ಪ್ರತಿ ಫ್ರೇಮಿನ ಜೊತೆ ಬರುವ ಟೈಮ್‌ಸ್ಟ್ಯಾಂಪ್ ಉಳಿಸಿ, ಎಡಿಸಿ ಓದುವಾಗಲೂ ಅದೇ ಮೊನೊಟೊನಿಕ್ (ಹಿಂದೆ ಹೋಗದೆ ಮುಂದಕ್ಕೇ ಓಡುವ) ಗಡಿಯಾರ ಬಳಸಿ. ಒಂದು ಎಲ್‌ಇಡಿ ಎರಡೂ ಕ್ಯಾಮೆರಾಗೆ ಕಾಣುವ ಹಾಗೆ ಇಟ್ಟು, ಅದರ ವೋಲ್ಟೇಜನ್ನು ಎಡಿಎಸ್1115ರ ಖಾಲಿ ಚಾನೆಲಿಗೂ ಕೊಡಿ. ಶುರುವಿನಲ್ಲಿ, ಕೊನೆಯಲ್ಲಿ ಒಮ್ಮೊಮ್ಮೆ ಹೊತ್ತಿಸಿ. ಎಷ್ಟು ವ್ಯತ್ಯಾಸ ಅಂತ ಕಣ್ಣಿಗೇ ಕಾಣುತ್ತದೆ. ಚಾನೆಲ್ ಹಂಚಿಕೊಂಡರೆ ಕರೆಂಟಿನ ಸ್ಯಾಂಪಲ್ ಕಡಿಮೆಯಾಗುತ್ತದೆ, ಅದಕ್ಕೆ ಎಲ್‌ಇಡಿ ಹೊತ್ತಿಸುವಾಗ ಮಾತ್ರ ಆ ಚಾನೆಲ್ ಓದಿ.

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆ ಮಾಡಿದೆ. 10 ನಿಮಿಷಕ್ಕೆ ಎಲ್‌ಇಡಿ ಒಂದೇ ಒಂದು ಫ್ರೇಮ್ ಆಚೀಚೆ. ಕರೆಂಟ್ ಜಿಗಿದ ಮೇಲೆ ಮುಳ್ಳು ಏಳುವುದು ಚೆನ್ನಾಗಿ ಕಾಣುತ್ತಿದೆ, ನೋಡಿ ಖುಷಿಯಾಯಿತು. ಆದರೆ ಪೈ ರೀಸ್ಟಾರ್ಟ್ ಮಾಡಿದಾಗ ಗೇಜ್ ಚಾನೆಲಿನಲ್ಲಿ ಪೈಪ್ ಬಂತು!

ಉತ್ತರ:
ಸಿಸ್ಟಮ್ ಕ್ಯಾಮೆರಾಗಳಿಗೆ ಕೊಡುವ ವಿಡಿಯೊ0, ವಿಡಿಯೊ2 ಅನ್ನುವ ನಂಬರ್ ನೆಚ್ಚಬೇಡಿ, ರೀಸ್ಟಾರ್ಟ್ ಆದಾಗ ಅದಲುಬದಲಾಗಬಹುದು. ಒಂದೇ ಮಾಡೆಲ್ ಆದ್ದರಿಂದ ಮಾಡೆಲ್ ನೋಡಿ ಇಡುವ ‘ಬೈ-ಐಡಿ’ ಹೆಸರೂ ಗೊಂದಲ ಮಾಡಬಹುದು. ‘ಬೈ-ಪಾತ್’ ಹೆಸರು ಕೊಡಿ, ಅದು ಪೋರ್ಟಿಗೆ ಅಂಟಿಕೊಂಡಿರುತ್ತದೆ. ಪೋರ್ಟಿನ ಪಕ್ಕ ಗೇಜ್, ಪೈಪ್ ಅಂತ ಚೀಟಿ ಅಂಟಿಸಿ.